ರಾಜನಿಲ್ಲದ ಊರಿನ ವಾದ್ಯವೃಂದ

ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಗೆ ಹಣದ ನೆರವು ಕೊಟ್ಟ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಅದು ಮಹಾರಾಜರ ಮಾತಾಯ್ತು. ರಾಜನೇ ಇಲ್ಲದ ಊರಲ್ಲಿ ವಾದ್ಯವೃಂದವನ್ನ ಸಾಕೋರು ಯಾರು?

ಅಮೆರಿಕದ ಫಿಲಡೆಲ್ಫಿಯಾ ನೋಡಿ. ಅಲ್ಲಿ ಆರ್ಕೆಸ್ಟ್ರಾ ಶುರುವಾಗಿದ್ದು 1900ರಲ್ಲಿ. ಬರೀ ಟಿಕೆಟ್ ದುಡ್ಡಿನಲ್ಲಿ ಅದು ನಡೆಯೋ ಹಾಗಿರಲಿಲ್ಲ. 1904ರಲ್ಲಿ ಊರಿನ ಹೆಂಗಸರು ಸೇರಿ ಒಂದು ಸಮಿತಿ ಕಟ್ಟಿದರು. ಅನುಕೂಲಸ್ಥ ಮನೆತನದವರು, ನಿಜ. ಆದರೆ ಸಂಬಳವಿಲ್ಲದೆ ಸೀಸನ್ ಟಿಕೆಟ್ ಮಾರಿದರು, ದೇಣಿಗೆ ಎತ್ತಿದರು.

ಒಂದು ವಿಷಯ ಗಮನಿಸಿ. ಆಗ ಆ ರಾಜ್ಯದಲ್ಲಿ ಹೆಂಗಸರಿಗೆ ವೋಟೇ ಇರಲಿಲ್ಲ. ಅದು ಸಿಕ್ಕಿದ್ದು 1920ರಲ್ಲಿ. ಅವರು ಉಳಿಸಿದ ಆರ್ಕೆಸ್ಟ್ರಾದಲ್ಲೇ ಒಬ್ಬ ಹೆಣ್ಣುಮಗಳು, ಹಾರ್ಪ್ ವಾದಕಿ ಎಡ್ನಾ ಫಿಲಿಪ್ಸ್, ಪ್ರಧಾನ ವಾದಕಿಯಾಗೋಕೆ 1930 ಬರಬೇಕಾಯ್ತು! ದುಡ್ಡು ತರೋಕೆ ಹೆಂಗಸರು ಬೇಕು, ಮುಂದಿನ ಕುರ್ಚಿಗೆ ಬೇಡ.

ಸಮಿತಿಯ ಅಧ್ಯಕ್ಷೆಯಾಗಿದ್ದ ಫ್ರಾನ್ಸಿಸ್ ವಿಸ್ಟರ್, ಆರ್ಕೆಸ್ಟ್ರಾದ ಮೊದಲ 25 ವರ್ಷಗಳ ಇತಿಹಾಸವನ್ನ 1925ರಲ್ಲಿ ತಾವೇ ಬರೆದರು. ಒಳ್ಳೇದೇ ಮಾಡಿದರು. ವೇದಿಕೆ ಮೇಲಿದ್ದವರ ಹೆಸರು ಹೇಗೂ ಉಳಿಯುತ್ತೆ. ಮನೆ ಮನೆ ಬಾಗಿಲು ತಟ್ಟಿದವರ ಲೆಕ್ಕವನ್ನ ಯಾರಾದರೂ ಬರೆದಿಡಬೇಕಲ್ಲ?