ಮಂಡಿಗೆ ಕೃತಕ ಮೃದ್ವಸ್ಥಿ: ತಯಾರಿಸುವುದಕ್ಕಿಂತ ಕೂರಿಸುವುದೇ ಕಷ್ಟ, ಏಕೆ?

‘ಮಂಡಿಯಲ್ಲಿ ಗ್ಯಾಪ್ ಕಡಿಮೆಯಾಗಿದೆ’, ‘ಕಾರ್ಟಿಲೇಜ್ ಸವೆದಿದೆ’ ಎಂದು ಎಕ್ಸ್-ರೇ ನೋಡಿ ವೈದ್ಯರು ಹೇಳುವುದನ್ನು ನಮ್ಮಲ್ಲಿ ಅನೇಕರು ಕೇಳಿರುತ್ತೇವೆ. ಆಗ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಸವೆದಷ್ಟು ಜಾಗಕ್ಕೆ ಹೊಸ ತೇಪೆ ಹಾಕಬಾರದೇ? ಮೃದ್ವಸ್ಥಿಯಷ್ಟೇ ಗಟ್ಟಿಯಾದ ಕೃತಕ ವಸ್ತುಗಳು ಪ್ರಯೋಗಾಲಯದಲ್ಲಿ ಈಗಾಗಲೇ ತಯಾರಾಗಿವೆ. ಆದರೆ ಅವನ್ನು ಮಂಡಿಯೊಳಗೆ ಅಲುಗಾಡದಂತೆ ನಿಲ್ಲಿಸುವುದೇ ದೊಡ್ಡ ಸವಾಲು. ಅದು ಏಕೆಂದು ನೋಡೋಣ.

ಮೃದ್ವಸ್ಥಿ ತಾನಾಗಿ ಏಕೆ ಬೆಳೆಯುವುದಿಲ್ಲ?

ತೊಡೆಮೂಳೆಯ ತುದಿಯನ್ನೂ ಮೊಣಕಾಲ ಮೂಳೆಯ ತಲೆಯನ್ನೂ ಹೊದ್ದಿರುವ ನುಣುಪಾದ ಬಿಳಿ ಪದರವೇ ಮೃದ್ವಸ್ಥಿ. ಮಂಡಿಯಲ್ಲಿ ಇದರ ದಪ್ಪ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್. ತೂಕದ ಬಹುಪಾಲು ನೀರು. ಆ ನೀರನ್ನು ಕೊಲಾಜನ್ ಎಂಬ ಪ್ರೋಟೀನ್ ನಾರುಗಳ ಜಾಲ ಹಿಡಿದಿಟ್ಟಿರುತ್ತದೆ. ಇದರಲ್ಲಿ ರಕ್ತನಾಳಗಳಿಲ್ಲ. ಚರ್ಮ ಕೊಯ್ದರೆ ರಕ್ತ ಹರಿದು ಬಂದು ಗಾಯ ಮಾಯುತ್ತದೆ. ಇಲ್ಲಿ ಆ ಸೌಲಭ್ಯವೇ ಇಲ್ಲ. ಹಾಳಾದ ಮೃದ್ವಸ್ಥಿ ಮತ್ತೆ ಸರಿಹೋಗುವುದಿಲ್ಲ ಎಂದು ಬ್ರಿಟನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು.

ಅಂಟು ಹಾಕಿದರೆ ಸಾಲದೇ?

ಸಾಲದು. ನಡೆಯುವಾಗ ಮಂಡಿಯ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ಅಂದರೆ 60 ಕಿಲೋ ತೂಕದವರ ಮಂಡಿಗೆ ಪ್ರತಿ ಹೆಜ್ಜೆಗೂ ಸುಮಾರು 150 ಕಿಲೋ ಭಾರ. ಮೆಟ್ಟಿಲು ಹತ್ತುವಾಗ ಇನ್ನೂ ಹೆಚ್ಚು. ಇದು ಮೇಲಿನಿಂದ ಕೆಳಕ್ಕೆ ಒತ್ತುವ ಭಾರ ಮಾತ್ರವಾಗಿದ್ದರೆ ಅಷ್ಟು ತೊಂದರೆಯಿರಲಿಲ್ಲ. ಮಂಡಿ ಮಡಿಚುವಾಗ ಒಂದು ಮೂಳೆ ಇನ್ನೊಂದರ ಮೇಲೆ ಉರುಳುತ್ತಾ ಜಾರುತ್ತದೆ. ಹೀಗೆ ಪಕ್ಕಕ್ಕೆ ಎಳೆಯುವ ಬಲವೇ ತೇಪೆಯನ್ನು ಕೀಳುವುದು.

ಮೇಲಾಗಿ ಕೀಲಿನೊಳಗೆಲ್ಲ ಜಾರುವ ದ್ರವ, ತೇಪೆಯೂ ನೀರು ತುಂಬಿದ ವಸ್ತು. ಒದ್ದೆ ಸೋಪಿನ ಮೇಲೆ ಬ್ಯಾಂಡೇಜು ಅಂಟಿಸಿದರೆ ಎಷ್ಟು ಹೊತ್ತು ನಿಂತೀತು? ಹೊಲಿಗೆ ಹಾಕೋಣವೆಂದರೆ, ಪಕ್ಕದ ಆರೋಗ್ಯವಂತ ಮೃದ್ವಸ್ಥಿಗೇ ಸೂಜಿ ಚುಚ್ಚಬೇಕು. ಆ ತೂತುಗಳೂ ಮಾಯುವುದಿಲ್ಲ.

ನಿಸರ್ಗ ಇದನ್ನು ಹೇಗೆ ಸಾಧಿಸಿದೆ?

ಮೃದ್ವಸ್ಥಿ ಮೂಳೆಗೆ ಥಟ್ಟನೆ ಅಂಟಿಕೊಂಡಿಲ್ಲ. ಕೆಳಕ್ಕೆ ಹೋದಂತೆ ಅದಕ್ಕೆ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಈ ಗಟ್ಟಿ ಪದರ ಏರಿಳಿತದ ಅಂಚಿನೊಂದಿಗೆ ಮೂಳೆಯೊಳಗೆ ಕಚ್ಚಿಕೊಂಡಿರುತ್ತದೆ. ಮೆತ್ತಗಿನದು ಹಂತಹಂತವಾಗಿ ಗಟ್ಟಿಯಾಗುವುದರಿಂದ ಎಳೆತ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ.

ಈಗಿರುವ ದಾರಿಗಳು

ಹಂಗೇರಿಯ ಲಾಸ್ಲೋ ಹಂಗೋಡಿ 1990ರ ದಶಕದಲ್ಲಿ ಬಳಕೆಗೆ ತಂದ ವಿಧಾನದಲ್ಲಿ, ಅದೇ ಮಂಡಿಯ ಕಡಿಮೆ ಭಾರ ಬೀಳುವ ಜಾಗದಿಂದ ಮೃದ್ವಸ್ಥಿಯನ್ನು ಕೆಳಗಿನ ಮೂಳೆ ಸಮೇತ ಸಣ್ಣ ಬಿರಡೆಗಳಂತೆ ತೆಗೆದು, ಹಾಳಾದ ಜಾಗದಲ್ಲಿ ಕೊರೆದ ತೂತುಗಳಿಗೆ ಬಿಗಿಯಾಗಿ ಕೂರಿಸುತ್ತಾರೆ. ಗುದ್ದಲಿಯ ಕಾವಿಗೆ ಬೆಣೆ ಹೊಡೆದಂತೆ ಬಿಗಿತವೇ ಇಲ್ಲಿನ ಹಿಡಿತ. ಕೆಲವು ವಾರಗಳಲ್ಲಿ ಮೂಳೆ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ. ಇದರಿಂದ ಒಂದು ಪಾಠ ಸಿಕ್ಕಿತು: ಮೃದ್ವಸ್ಥಿಯನ್ನು ಮೃದ್ವಸ್ಥಿಗೆ ಅಂಟಿಸಲು ಹೋಗಬೇಡಿ, ಹಿಡಿತವನ್ನು ಮೂಳೆಯಲ್ಲಿ ಹುಡುಕಿ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬೆಂಜಮಿನ್ ವೈಲಿ ಮತ್ತು ಕೆನ್ ಗಾಲ್ ಅವರ ತಂಡ ನಡೆದದ್ದೂ ಇದೇ ದಾರಿಯಲ್ಲಿ. ಸೆಲ್ಯುಲೋಸ್ ನಾರುಗಳ ಜಾಲಕ್ಕೆ ಪಾಲಿವಿನೈಲ್ ಆಲ್ಕೋಹಾಲ್ ತುಂಬಿಸಿ ಅವರು ಒಂದು ಹೈಡ್ರೋಜೆಲ್ ತಯಾರಿಸಿದರು. ಹೈಡ್ರೋಜೆಲ್ ಎಂದರೆ ನೀರು ಹೀರಿ ಹಿಡಿದಿಡುವ ವಸ್ತು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಕೂಡ ಇದೇ ಜಾತಿಯದು. 2022ರಲ್ಲಿ ಪ್ರಕಟವಾದ ಅವರ ಜೆಲ್ ಎಳೆತ ತಡೆಯುವುದರಲ್ಲಿ ಸಹಜ ಮೃದ್ವಸ್ಥಿಗಿಂತ 26%, ಒತ್ತಡ ತಡೆಯುವುದರಲ್ಲಿ 66% ಹೆಚ್ಚು ಗಟ್ಟಿ. ಹತ್ತು ಲಕ್ಷ ಬಾರಿ ಉಜ್ಜಿ ನೋಡಿದಾಗ ಸವೆತವನ್ನು ಮೂರು ಪಟ್ಟು ಚೆನ್ನಾಗಿ ತಡೆಯಿತು.

ಆದರೂ ಆ ಜೆಲ್ ಅನ್ನು ಅವರು ನೇರವಾಗಿ ಮಂಡಿಗೆ ಅಂಟಿಸಲಿಲ್ಲ. ಮೊದಲು ಟೈಟಾನಿಯಂ ಲೋಹದ ತಳಕ್ಕೆ ಸಿಮೆಂಟ್ ಮತ್ತು ಕ್ಲ್ಯಾಂಪ್ ಎರಡರಿಂದಲೂ ಬಿಗಿದರು. ಆ ತಳವನ್ನು ಮೂಳೆಯಲ್ಲಿ ಕೊರೆದ ಕುಳಿಗೆ ಒತ್ತಿ ಕೂರಿಸುವುದು ಯೋಜನೆ. ಪರೀಕ್ಷೆಯಲ್ಲಿ ಈ ಹಿಡಿತ, ಮೂಳೆಯ ಮೇಲೆ ಸಹಜ ಮೃದ್ವಸ್ಥಿಗಿರುವ ಹಿಡಿತಕ್ಕಿಂತ 68% ಬಲವಾಗಿತ್ತು. ಟೈಟಾನಿಯಂ ಏಕೆ? ಮೂಳೆ ಅದರ ಮೈಗೆ ಒತ್ತಿಕೊಂಡು ಬೆಳೆಯುತ್ತದೆ. ದವಡೆಯಲ್ಲಿ ಕೂರಿಸುವ ಹಲ್ಲಿನ ಇಂಪ್ಲಾಂಟ್ ಭದ್ರವಾಗಿ ನಿಲ್ಲುವುದೂ ಇದರಿಂದಲೇ.

ಹಿಡಿತ ತಪ್ಪಿದರೆ ಏನಾಗುತ್ತದೆ?

ಕಾಲಿನ ಹೆಬ್ಬೆರಳ ಕೀಲಿಗಾಗಿ ಬಂದ ‘ಕಾರ್ಟಿವಾ’ ಇದಕ್ಕೆ ಉದಾಹರಣೆ. ಅದೂ ಪಾಲಿವಿನೈಲ್ ಆಲ್ಕೋಹಾಲ್ ಜೆಲ್ಲೇ. ಲೋಹದ ತಳವಿಲ್ಲದೆ ಮೂಳೆಯ ಕುಳಿಗೆ ಒತ್ತಿ ಕೂರಿಸುವಂಥದ್ದು. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆದರೆ ಜಾಗದಿಂದ ಸರಿಯುವುದು, ಒಡೆಯುವುದು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ನಿರೀಕ್ಷೆಗಿಂತ ಹೆಚ್ಚಾಗಿ ಕಂಡಿದ್ದರಿಂದ 2024ರಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು.

ಎತ್ತರವೂ ಮುಖ್ಯ. ರಸ್ತೆಗುಂಡಿ ಮುಚ್ಚುವಾಗ ಡಾಂಬರು ಉಬ್ಬಿದರೂ ತೊಂದರೆ, ತಗ್ಗಾದರೂ ತೊಂದರೆ. ಇಂಪ್ಲಾಂಟ್ ಉಬ್ಬಿದರೆ ಎದುರಿನ ಆರೋಗ್ಯವಂತ ಮೃದ್ವಸ್ಥಿಯನ್ನು ಸವೆಸುತ್ತದೆ. ತಗ್ಗಿದರೆ ಕುಳಿಯ ಅಂಚಿನ ಮೇಲೆ ಭಾರ ಬಿದ್ದು ಹಾನಿ ಹಿಗ್ಗುತ್ತದೆ.

ಇದು ಯಾರಿಗೆ?

‘ಇದು ಬಂದರೆ ಮಂಡಿ ಬದಲಾವಣೆಯೇ ಬೇಡ’ ಎಂಬ ನಂಬಿಕೆ ತಪ್ಪು. ಆಟದಲ್ಲೋ ಅಪಘಾತದಲ್ಲೋ ಪೆಟ್ಟಾಗಿ ಒಂದೇ ಜಾಗದಲ್ಲಿ ಮೃದ್ವಸ್ಥಿ ಹೋದವರಿಗೆ ಇಂತಹ ಬಿರಡೆಗಳು ಹೊಂದುತ್ತವೆ. ಸಂಧಿವಾತದಿಂದ ಇಡೀ ಮಂಡಿ ಸವೆದಿದ್ದರೆ ಬಿರಡೆ ಕೂರಿಸಲು ಸುತ್ತ ಗಟ್ಟಿ ನೆಲವೇ ಇರುವುದಿಲ್ಲ. ಅಂಥವರಿಗೆ ತೂಕ ಇಳಿಸುವುದು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ನೋವು ನಿವಾರಣೆ, ಕೊನೆಗೆ ಮಂಡಿ ಬದಲಾವಣೆ – ಇವೇ ಇಂದಿಗೂ ದಾರಿ.

ಯಾರಾದರೂ ‘ಹೊಸ ಕಾರ್ಟಿಲೇಜ್ ಹಾಕುತ್ತೇವೆ’ ಎಂದರೆ ನಾವು ಕೇಳಬೇಕಾದ ಪ್ರಶ್ನೆಗಳು ಮೂರು: ನನ್ನ ಸವೆತ ಒಂದೇ ಕಡೆಯೋ, ಎಲ್ಲ ಕಡೆಯೋ? ಅದನ್ನು ಯಾವುದಕ್ಕೆ, ಹೇಗೆ ಬಿಗಿಯುತ್ತೀರಿ? ಹಾಕಿಸಿಕೊಂಡವರಲ್ಲಿ ಐದು ವರ್ಷದ ನಂತರ ಎಷ್ಟು ಜನರಿಗೆ ಮತ್ತೆ ಆಪರೇಷನ್ ಬೇಕಾಯಿತು? ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬರದಿದ್ದರೆ, ವಸ್ತು ಎಷ್ಟೇ ಗಟ್ಟಿಯೆಂದು ಹೇಳಿದರೂ, ಇನ್ನೊಬ್ಬ ಮೂಳೆ ತಜ್ಞರ ಅಭಿಪ್ರಾಯ ಕೇಳುವುದು ಒಳ್ಳೆಯದು.