ಎತ್ತರದವನ ಕಾಲು, ಗಾರ್ಡಿನ ಕೈ

ಪೋರ್ಟ್‌ಲ್ಯಾಂಡಿನಲ್ಲಿ ಬ್ಯಾಸ್ಕೆಟ್‌ಬಾಲ್ ಮಾತು ಶುರುವಾದರೆ ಸ್ವಲ್ಪ ಹೊತ್ತಿಗೆಲ್ಲ ಯಾರಾದರೊಬ್ಬರ ಬಾಯಲ್ಲಿ ‘ಶಾಪ’ ಎಂಬ ಮಾತು ಬಂದೇ ಬರುತ್ತದೆ. ಬಿಲ್ ವಾಲ್ಟನ್‌ನ ಪಾದ, ಸ್ಯಾಮ್ ಬೋವಿಯ ಮೊಣಕಾಲಿನ ಕೆಳಗಿನ ಎಲುಬು, ಗ್ರೆಗ್ ಓಡೆನ್‌ನ ಮಂಡಿ. ಏಳಡಿಯ ಆಸುಪಾಸಿನ ಮೂವರು ಆಟಗಾರರು; ಮೂವರ ಮೇಲೂ ಊರು ಆಸೆಯಿಟ್ಟಿತು, ಮೂವರ ಕಾಲೂ ಕೈಕೊಟ್ಟಿತು. ದೇವರು ನಮ್ಮ ತಂಡವನ್ನು ಹುಡುಕಿಕೊಂಡು ಬಂದು ಹೊಡೆಯುತ್ತಾನೆ ಎಂದು ಇಲ್ಲಿನವರು ಹೇಳುವುದನ್ನು ಕೇಳುತ್ತಲೇ ಇದ್ದೇನೆ.

ನಾನು ಇದನ್ನು ಒಪ್ಪುವವಳಲ್ಲ. ಊರಿನ ಪಶ್ಚಿಮಕ್ಕಿರುವ ಬೀವರ್ಟನ್‌ನಲ್ಲಿ ನೆಲೆಸಿದ್ದೇನೆ. ಪಕ್ಕದ ಹಿಲ್ಸ್‌ಬರೋದ ಇಂಟೆಲ್ ಮತ್ತಿತರ ಕಂಪನಿಗಳ ದೆಸೆಯಿಂದ ಈ ಭಾಗದಲ್ಲಿ ಕನ್ನಡದವರಿಗೆ ಕೊರತೆಯಿಲ್ಲ. ಮೈಸೂರಿನಲ್ಲಿ ಓದುವಾಗ ಕಾಲೇಜು ತಂಡದಲ್ಲಿ ಗಾರ್ಡ್ ಆಗಿದ್ದೆ. ಚೆಂಡನ್ನು ನೆಲಕ್ಕೆ ಬಡಿಯುತ್ತ ಅಂಗಳ ದಾಟಿಸುವುದು, ಯಾರು ಎಲ್ಲಿ ಬಿಡುವಾಗಿದ್ದಾರೆಂದು ನೋಡಿ ಕೊಡುವುದು, ದಾರಿ ಸಿಕ್ಕರೆ ತಾನೇ ನುಗ್ಗುವುದು ಗಾರ್ಡಿನ ಕೆಲಸ. ಗಿಡ್ಡಗಿರುವವರ ಪಾಲಿಗೆ ಬರುವ ಜಾಗ ಅದು. ಆದ್ದರಿಂದ ನನ್ನ ಒಲವು ಎತ್ತ ಎಂದು ಮೊದಲೇ ಹೇಳಿಬಿಡುತ್ತೇನೆ.

1970ರಲ್ಲಿ ಟ್ರೇಲ್ ಬ್ಲೇಜರ್ಸ್ ತಂಡ ಹುಟ್ಟಿತು. ಅಮೆರಿಕದ ದೊಡ್ಡ ಲೀಗುಗಳ ಪೈಕಿ ಈ ಮಳೆಯೂರಿಗೆ ದಕ್ಕಿದ ಮೊದಲ ತಂಡ. ಕಾಲೇಜುಗಳಿಂದ ಬರುವ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹೆಚ್ಚು ಸೋತ ತಂಡಗಳಿಗೆ ಮೊದಲಿನ ಸರದಿ. ಆ ಮೊದಲ ಡ್ರಾಫ್ಟ್‌ನಲ್ಲಿ ಪೋರ್ಟ್‌ಲ್ಯಾಂಡ್ ಆರಿಸಿದ್ದು ಪ್ರಿನ್ಸ್‌ಟನ್‌ನಲ್ಲಿ ಓದಿದ ಜೆಫ್ ಪೆಟ್ರಿ ಎಂಬ ಗಾರ್ಡನ್ನು. ಮೊದಲ ವರ್ಷವೇ ಆತ ಪಂದ್ಯಕ್ಕೆ ಸರಾಸರಿ 24.8 ಅಂಕ ಗಳಿಸಿದ. ವರ್ಷದ ಅತ್ಯುತ್ತಮ ಹೊಸ ಆಟಗಾರನ ಪ್ರಶಸ್ತಿಯನ್ನು ಬಾಸ್ಟನ್ನಿನ ಡೇವ್ ಕೋವೆನ್ಸ್ ಜೊತೆ ಹಂಚಿಕೊಂಡ. ಈ ಊರಿಗೆ ಬ್ಯಾಸ್ಕೆಟ್‌ಬಾಲಿನ ಹುಚ್ಚು ಹಿಡಿಸಿದ್ದು ಒಬ್ಬ ಗಾರ್ಡ್ ಎಂಬುದು ಇವತ್ತಿನ ಎಷ್ಟೋ ಅಭಿಮಾನಿಗಳಿಗೆ ನೆನಪಿಲ್ಲ.

ಆದರೂ ತಂಡದ ಕಣ್ಣು ಎತ್ತರದ ಮೇಲೆಯೇ ಇತ್ತು. 1972ರಲ್ಲಿ ಎಲ್ಲರಿಗಿಂತ ಮೊದಲು ಆರಿಸುವ ಅವಕಾಶ ಸಿಕ್ಕಾಗ ಲರೂ ಮಾರ್ಟಿನ್ ಎಂಬ ಸೆಂಟರನ್ನು, ಅಂದರೆ ಬುಟ್ಟಿಯ ಬಳಿ ನಿಲ್ಲುವ ಎತ್ತರದವನನ್ನು, ತೆಗೆದುಕೊಂಡರು. ಅವನಿಂದ ಹೆಚ್ಚೇನೂ ಆಗಲಿಲ್ಲ. ಇದು ಪೋರ್ಟ್‌ಲ್ಯಾಂಡಿನ ತಂಡವೊಂದರದೇ ಗೀಳಲ್ಲ. ಬಿಲ್ ರಸೆಲ್, ವಿಲ್ಟ್ ಚೇಂಬರ್ಲೇನ್, ಕರೀಂ ಅಬ್ದುಲ್ ಜಬ್ಬಾರ್ ಅವರಂಥ ಸೆಂಟರ್‌ಗಳನ್ನು ನೋಡಿದ್ದ ಆ ತಲೆಮಾರಿಗೆ ಬುಟ್ಟಿಯ ಕೆಳಗೆ ಎತ್ತರದವನೊಬ್ಬ ನಿಲ್ಲದೆ ಗೆಲುವಿಲ್ಲ ಎಂಬುದು ಖಚಿತವಾಗಿತ್ತು.

1974ರಲ್ಲಿ ವಾಲ್ಟನ್ ಬಂದ. ಆರಡಿ ಹನ್ನೊಂದು ಅಂಗುಲ, ಕೆಂಗೂದಲು, ಗಡ್ಡ. ಮಾಂಸ ತಿನ್ನುತ್ತಿರಲಿಲ್ಲ, ಸೈಕಲ್ ತುಳಿಯುತ್ತಿದ್ದ, ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆಯಲ್ಲಿ ಬಂಧನಕ್ಕೊಳಗಾಗಿದ್ದವನು. 82 ಪಂದ್ಯಗಳ ಋತುವಿನಲ್ಲಿ ಮೊದಲ ವರ್ಷ 35, ಎರಡನೆಯ ವರ್ಷ 51 ಪಂದ್ಯ ಆಡಿದ. ಮಿಕ್ಕ ದಿನವೆಲ್ಲ ಗಾಯ. ಸೊಪ್ಪು ತಿಂದರೆ ಎಲುಬು ಗಟ್ಟಿಯಾಗುತ್ತದೆಯೇ ಎಂದು ಜನ ಆಡಿಕೊಂಡರು. ಹುಟ್ಟಿದಾಗಿನಿಂದ ಸಸ್ಯಾಹಾರ ಉಂಡ ನನಗೆ ಆ ಮಾತು ಓದಿದಾಗಲೆಲ್ಲ ಮೈ ಉರಿಯುತ್ತದೆ. ಅವನ ಪಾದದ ರಚನೆಯೇ ಅಷ್ಟು ಭಾರ, ಅಷ್ಟು ನೆಗೆತ ತಾಳುವಂಥದ್ದಾಗಿರಲಿಲ್ಲ. ಊಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

1976ರಲ್ಲಿ ಎರಡು ಸಂಗತಿ ನಡೆದವು. ಮುಚ್ಚಿಹೋದ ಎಬಿಎ ಎಂಬ ಎದುರಾಳಿ ಲೀಗಿನ ಆಟಗಾರರನ್ನು ಹಂಚುವಾಗ ಮಾರಿಸ್ ಲೂಕಸ್‌ನನ್ನು ಪಡೆಯಬೇಕೆಂದು ಪೋರ್ಟ್‌ಲ್ಯಾಂಡ್ ಪೆಟ್ರಿಯನ್ನು ಅಟ್ಲಾಂಟಾಕ್ಕೆ ಕೊಟ್ಟುಬಿಟ್ಟಿತು. ಪೆಟ್ರಿಯ ಮಂಡಿ ಆಗಲೇ ಹಾಳಾಗಿತ್ತು. ಅಟ್ಲಾಂಟಾ ಪರವಾಗಿ ಆತ ಒಂದು ಪಂದ್ಯವನ್ನೂ ಆಡದೆ ಆಟ ಬಿಟ್ಟ. ಎರಡನೆಯದು, ಜ್ಯಾಕ್ ರ‍್ಯಾಮ್ಸೆ ತರಬೇತುದಾರರಾಗಿ ಬಂದರು. ವಾಲ್ಟನ್ ಬುಟ್ಟಿಯ ಕೆಳಗೆ ನಿಂತು ಅಂಕ ಗಳಿಸುವುದಕ್ಕಿಂತ ರಿಬೌಂಡ್ (ಬುಟ್ಟಿ ತಪ್ಪಿ ಪುಟಿಯುವ ಚೆಂಡು) ಹಿಡಿದು ಓಡುವವರಿಗೆ ಚೆಂಡು ದಾಟಿಸಲಿ ಎಂಬುದು ಅವರ ಲೆಕ್ಕ. ಅಂದರೆ ಓಡುವವರು ಇದ್ದರೆ ಮಾತ್ರ ವಾಲ್ಟನ್. ನನ್ನ ವಾದದ ಬೇರು ಇಲ್ಲಿದೆ.

ಆ ವರ್ಷದ ಡ್ರಾಫ್ಟ್‌ನ ಎರಡನೆಯ ಸುತ್ತಿನಲ್ಲಿ ಜಾನಿ ಡೇವಿಸ್ ಎಂಬ ಹುಡುಗ ಬಂದಿದ್ದ. 1977ರಲ್ಲಿ, ಋತುವಿನ ಕೊನೆಯ ನಿರ್ಣಾಯಕ ಸುತ್ತಾದ ಪ್ಲೇಆಫ್‌ನಲ್ಲಿ ಗಾರ್ಡ್ ಡೇವ್ ಟ್ವಾರ್ಜಿಕ್‌ಗೆ ಪೆಟ್ಟಾದಾಗ ಆ ಜಾಗ ತುಂಬಿದವನು ಡೇವಿಸ್. ಅವನ ಮೊದಲ ಋತು ಅದು. ನಮ್ಮ ಬೀದಿಯ ಹಿರಿಯರೊಬ್ಬರು ಆಗ ಶಾಲಾ ಹುಡುಗ. ‘ಎಲ್ಲರೂ ವಾಲ್ಟನ್‌ನ ಹೆಸರು ಕೂಗುತ್ತಿದ್ದರು, ನನ್ನ ಕಣ್ಣು ಮಾತ್ರ ಡೇವಿಸ್‌ನ ಕಾಲಿನ ಮೇಲಿತ್ತು’ ಎಂದು ಈಗಲೂ ಹೇಳುತ್ತಾರೆ. ಫೈನಲ್‌ನಲ್ಲಿ ಫಿಲಡೆಲ್ಫಿಯಾ ವಿರುದ್ಧ ಮೊದಲ ಎರಡು ಪಂದ್ಯ ಸೋತ ಮೇಲೆ ಬ್ಲೇಜರ್ಸ್ ಸತತ ನಾಲ್ಕು ಗೆದ್ದರು. ಜೂನ್ 5ರಂದು ಮೆಮೋರಿಯಲ್ ಕೊಲಿಸಿಯಂನಲ್ಲಿ ನಡೆದ ಆರನೆಯ ಪಂದ್ಯ 109–107ಕ್ಕೆ ಮುಗಿಯಿತು. ವಾಲ್ಟನ್ 20 ಅಂಕ, 23 ರಿಬೌಂಡ್, 8 ಬ್ಲಾಕ್, 7 ಅಸಿಸ್ಟ್. ತಂಡದ ಇತಿಹಾಸದ ಒಂದೇ ಒಂದು ಚಾಂಪಿಯನ್‌ಶಿಪ್ ಅದು. ಆ ವರ್ಷದ ಏಪ್ರಿಲ್‌ನಿಂದ 1995ರವರೆಗೆ ಊರಿನಲ್ಲಿ ನಡೆದ ಸತತ 814 ಪಂದ್ಯಗಳಿಗೆ ಒಂದು ಟಿಕೆಟ್ಟೂ ಉಳಿಯಲಿಲ್ಲ.

ಗೆದ್ದ ತಂಡದಿಂದ ಊರು ಕಲಿತ ಪಾಠ ಮಾತ್ರ ಅರೆಬರೆ: ಎತ್ತರದವನೊಬ್ಬ ಸಿಕ್ಕರೆ ಸಾಕು.

ಮುಂದಿನ ವರ್ಷ ಬ್ಲೇಜರ್ಸ್ ಮೊದಲ 60 ಪಂದ್ಯಗಳಲ್ಲಿ 50 ಗೆದ್ದಿದ್ದರು. ಅಷ್ಟರಲ್ಲಿ ವಾಲ್ಟನ್‌ನ ಪಾದಕ್ಕೆ ಮತ್ತೆ ಪೆಟ್ಟಾಯಿತು. 58 ಪಂದ್ಯವಷ್ಟೇ ಆಡಿದ್ದರೂ ಆ ವರ್ಷದ ಅತ್ಯಂತ ಮೌಲ್ಯಯುತ ಆಟಗಾರನೆಂದು ಅವನನ್ನೇ ಆರಿಸಿದರು ಎಂದರೆ ಅವನ ಆಟ ಎಂಥದಿರಬೇಕು! ಸಿಯಾಟಲ್ ವಿರುದ್ಧದ ಪ್ಲೇಆಫ್‌ಗೆ ಅವನನ್ನು ಮರಳಿ ಕಣಕ್ಕಿಳಿಸಿದರು. ಎರಡನೆಯ ಪಂದ್ಯಕ್ಕೆ ಮುಂಚೆ ಪಾದಕ್ಕೆ ನೋವು ಮರೆಸುವ ಇಂಜೆಕ್ಷನ್ ಕೊಟ್ಟರು. ಪಂದ್ಯದ ನಂತರ ಎಕ್ಸ್‌ರೇ ತೆಗೆದರೆ ಎಡಪಾದದ ನ್ಯಾವಿಕ್ಯುಲರ್ ಎಲುಬು ಮುರಿದಿತ್ತು. ಪಾದದ ಕಮಾನಿನ ನಡುವೆ ಇರುವ ಈ ಸಣ್ಣ ಎಲುಬಿಗೆ ರಕ್ತ ಹರಿಯುವುದೇ ಕಮ್ಮಿ, ಕೂಡಿಕೊಳ್ಳುವುದೂ ನಿಧಾನ. ನೋವು ಎನ್ನುವುದು ಮೈ ಕೊಡುವ ಎಚ್ಚರಿಕೆ. ಅದರ ಬಾಯಿ ಮುಚ್ಚಿಸಿ ಅವನನ್ನು ಆಡಿಸಿದರು. ಕಣಕಾಲು ಉಳುಕಿದ್ದಾಗ ‘ಬ್ಯಾಂಡೇಜು ಬಿಗಿಯಾಗಿ ಕಟ್ಟಿಕೊಂಡು ಆಡಮ್ಮ, ಇದೊಂದು ಮ್ಯಾಚು’ ಎಂಬ ಮಾತನ್ನು ನಾನೂ ಕೇಳಿದವಳು. ಹತ್ತೊಂಬತ್ತರ ಹುಡುಗಿ ಆ ಮಾತಿಗೆ ಇಲ್ಲ ಎನ್ನಲಾರಳು, ಇಪ್ಪತ್ತೈದರ ವಾಲ್ಟನ್ ಕೂಡ ಎನ್ನಲಿಲ್ಲ.

ತಂಡದ ವೈದ್ಯೋಪಚಾರವೇ ಸರಿಯಿಲ್ಲ ಎಂದು ಆರೋಪಿಸಿ ಆತ ಮುಂದಿನ ಇಡೀ ಋತು ಆಡಲಿಲ್ಲ; 1979ರಲ್ಲಿ ಸ್ಯಾನ್ ಡಿಯೇಗೋಗೆ ಹೊರಟುಹೋದ. ಊರು ಒಡೆದು ಹೋಳಾಯಿತು. ಅನ್ನ ಕೊಟ್ಟ ತಂಡಕ್ಕೆ ದ್ರೋಹ ಮಾಡಿದ ಎಂದವರು ಒಂದು ಕಡೆ, ಕಾಲು ಕಳೆದುಕೊಂಡವನು ಅವನು ಎಂದವರು ಇನ್ನೊಂದು ಕಡೆ. ಪತ್ರಕರ್ತ ಡೇವಿಡ್ ಹಾಲ್ಬರ್‌ಸ್ಟಾಮ್ 1979–80ರ ತಂಡದ ಜೊತೆಗಿದ್ದು ಬರೆದ ‘ದಿ ಬ್ರೇಕ್ಸ್ ಆಫ್ ದಿ ಗೇಮ್’ ಪುಸ್ತಕದಲ್ಲಿ ಊರಲ್ಲೇ ಇಲ್ಲದ ವಾಲ್ಟನ್‌ನ ನೆರಳು ಎಲ್ಲೆಡೆ ಬಿದ್ದಿದೆ. 2024ರ ಮೇ ತಿಂಗಳಲ್ಲಿ ವಾಲ್ಟನ್ ತೀರಿಕೊಂಡಾಗಲೂ ಇಲ್ಲಿನ ಮಾತು ಇಂಜೆಕ್ಷನ್ನಿಗೇ ಬಂದು ನಿಂತಿತು.

ಆ ನಡುವೆ, 1978ರಲ್ಲಿ, ಇನ್ನೊಂದು ವ್ಯವಹಾರ ನಡೆದಿತ್ತು. ಡ್ರಾಫ್ಟ್‌ನ ಮೊದಲ ಸರದಿಗಾಗಿ ಜಾನಿ ಡೇವಿಸ್‌ನನ್ನೂ ತಮ್ಮ ಮೂರನೆಯ ಸರದಿಯನ್ನೂ ಇಂಡಿಯಾನಾಗೆ ಕೊಟ್ಟು ಮೈಕಲ್ ಥಾಂಪ್ಸನ್ ಎಂಬ ಎತ್ತರದವನನ್ನು ತಂದರು. ಒಂದು ವರ್ಷ ಆಡಿದ ಥಾಂಪ್ಸನ್ ಕಾಲು ಮುರಿದುಕೊಂಡು ಮುಂದಿನ ಋತು ಪೂರ್ತಿ ಕೂತ. ಒಳ್ಳೆಯ ಆಟಗಾರನೇ, ಆಮೇಲೆ ವರ್ಷಗಟ್ಟಲೆ ಚೆನ್ನಾಗಿ ಆಡಿದ. ಆದರೆ ಫೈನಲ್ ಗೆಲ್ಲಿಸಿದ ಎಳೆಯ ಗಾರ್ಡನ್ನು ಕೊಡುವಾಗ ಯಾರೂ ಹೆಚ್ಚು ಯೋಚಿಸಲಿಲ್ಲ.

ಇನ್ನು 1984. ಜಗತ್ತಿಗೆಲ್ಲ ಗೊತ್ತಿರುವ ಕಥೆ. ನಾಣ್ಯ ಚಿಮ್ಮುವುದರಲ್ಲಿ ಗೆದ್ದ ಹ್ಯೂಸ್ಟನ್ ಹಕೀಂ ಒಲಾಜುವಾನ್‌ನನ್ನು ಆರಿಸಿತು. ಎರಡನೆಯ ಸರದಿಯಲ್ಲಿ ಪೋರ್ಟ್‌ಲ್ಯಾಂಡ್ ಸ್ಯಾಮ್ ಬೋವಿಯನ್ನು. ಮೂರನೆಯದರಲ್ಲಿ ಶಿಕಾಗೊ ಮೈಕೆಲ್ ಜೋರ್ಡನ್ ಎಂಬ ಗಾರ್ಡನ್ನು. ಇಲ್ಲಿ ನಾನು ತಂಡದ ಪರವಾಗಿ ಒಂದು ಮಾತು ಹೇಳಲೇಬೇಕು. ಗಾರ್ಡ್ ಜಾಗದಲ್ಲಿ ಜಿಮ್ ಪ್ಯಾಕ್ಸನ್ ಇದ್ದ, ಹಿಂದಿನ ವರ್ಷವಷ್ಟೇ 14ನೆಯ ಸರದಿಯಲ್ಲಿ ಸಿಕ್ಕಿದ್ದ ಕ್ಲೈಡ್ ಡ್ರೆಕ್ಸ್ಲರ್ ಇದ್ದ. ಇಬ್ಬರಿರುವಾಗ ಮೂರನೆಯವನೇಕೆ ಎಂಬ ಲೆಕ್ಕ ಅಂದಿಗೆ ತಪ್ಪಾಗಿ ಕಾಣಲಿಲ್ಲ. ನನಗೆ ಒಪ್ಪಿಗೆಯಾಗದ್ದು ಬೇರೆ. ಮೊಣಕಾಲಿನ ಕೆಳಗಿನ ಎಲುಬು ಬಿರುಕುಬಿಟ್ಟು ಕೆಂಟಕಿಯಲ್ಲಿ ಎರಡು ಇಡೀ ಋತು ಕಳೆದುಕೊಂಡಿದ್ದವನು ಬೋವಿ. ತಂಡದ ವೈದ್ಯರು ಅವನನ್ನು ಗಂಟೆಗಟ್ಟಲೆ ಪರೀಕ್ಷಿಸಿದರು. ಕಾಲಿನ ಮೇಲೆ ತಟ್ಟಿ ನೋಡಿದಾಗ ನೋವಿದ್ದರೂ ಇಲ್ಲವೆಂದೆ ಎಂದು 2012ರ ಸಾಕ್ಷ್ಯಚಿತ್ರವೊಂದರಲ್ಲಿ ಬೋವಿಯೇ ಹೇಳಿಕೊಂಡ. ಅವನನ್ನು ದೂರಲು ನನಗೆ ಮನಸ್ಸಿಲ್ಲ. ಜೀವನವಿಡೀ ಕಾದ ಕೆಲಸ ಬಾಗಿಲಲ್ಲಿ ನಿಂತಿರುವಾಗ ನೋಯುತ್ತದೆ ಎನ್ನುವವರು ಯಾರು? ಎಲುಬಿನ ಭವಿಷ್ಯವನ್ನು ಆಟಗಾರನ ಬಾಯಿಂದ ಕೇಳಿ ತಿಳಿಯಬೇಕಾದ ಕಾಲ ಅದು.

ಮೊದಲ ವರ್ಷ ಬೋವಿ 76 ಪಂದ್ಯ ಆಡಿದ. ಆಮೇಲೆ 38, ಆಮೇಲೆ 5, ಮುಂದಿನ ವರ್ಷ ಸೊನ್ನೆ, ಕೊನೆಯ ವರ್ಷ 20. ಇಲ್ಲಿಂದ ಹೋದ ಮೇಲೆ ನ್ಯೂಜೆರ್ಸಿಯಲ್ಲಿ ಸಾಕಷ್ಟು ಚೆನ್ನಾಗಿಯೇ ಆಡಿದ. ಒಟ್ಟು 511 ಪಂದ್ಯ ಆಡಿ ನಿವೃತ್ತನಾದ. ಅವನನ್ನು ಕೊಟ್ಟು ತಂದ ಬಕ್ ವಿಲಿಯಮ್ಸ್ ಮತ್ತು ಗಾರ್ಡ್ ಡ್ರೆಕ್ಸ್ಲರ್ ಸೇರಿ ತಂಡವನ್ನು 1990ರಲ್ಲೂ 1992ರಲ್ಲೂ ಫೈನಲ್‌ಗೆ ಒಯ್ದರು. 1992ರ ಎದುರಾಳಿ ಶಿಕಾಗೊ. ಮೊದಲ ಪಂದ್ಯದ ಅರ್ಧದಲ್ಲೇ ಜೋರ್ಡನ್ 35 ಅಂಕ ಹೊಡೆದ.

2007ರ ಹೊತ್ತಿಗೆ ಇದೆಲ್ಲ ಗೊತ್ತಿದ್ದ ಊರು ಇದು. ಬ್ರ್ಯಾಂಡನ್ ರಾಯ್ ಎಂಬ ಗಾರ್ಡ್ ಹಿಂದಿನ ವರ್ಷ ಬಂದು, 128 ಮತಗಳಲ್ಲಿ 127 ಪಡೆದು ವರ್ಷದ ಹೊಸ ಆಟಗಾರನಾಗಿದ್ದ. ಆಗ ಡ್ರಾಫ್ಟ್‌ನ ಮೊದಲ ಸರದಿ ಬಂತು: ಏಳಡಿಯ ಓಡೆನ್ನೋ, ಕೆವಿನ್ ಡ್ಯುರಾಂಟೋ? ನಮ್ಮ ಆಫೀಸಿನಲ್ಲಿದ್ದ ಹಾಸನದ ಹುಡುಗ ದಿನಾ ಊಟದ ಹೊತ್ತಿಗೆ ನನ್ನ ಜೊತೆ ವಾದಕ್ಕೆ ಕೂರುತ್ತಿದ್ದ. ‘ಅಕ್ಕಾ, ನೀವು ಏನೇ ಹೇಳಿ, ಎತ್ತರ ಯಾರೂ ಕಲಿಸಿಕೊಡೋಕಾಗಲ್ಲ. ರಾಯ್ ಹೊರಗಿಂದ, ಓಡೆನ್ ಒಳಗಿಂದ. ಇನ್ನೊಂದು 77 ಗ್ಯಾರಂಟಿ.’ ಇಡೀ ಊರು ಅವನ ಮಾತನ್ನೇ ಆಡುತ್ತಿತ್ತು. ಮೂವತ್ತು ವರ್ಷದ ಹಿಂದಿನ ಒಂದು ಗೆಲುವು ಒಬ್ಬ ಹತ್ತೊಂಬತ್ತರ ಹುಡುಗನ ಹೆಗಲ ಮೇಲೆ ಕೂತಿತ್ತು.

ತಂಡ ಓಡೆನ್‌ನನ್ನೇ ಆರಿಸಿತು. ಆ ಸೆಪ್ಟೆಂಬರಿನಲ್ಲೇ ಅವನ ಮಂಡಿಗೆ ಮೈಕ್ರೋಫ್ರ್ಯಾಕ್ಚರ್ ಶಸ್ತ್ರಚಿಕಿತ್ಸೆ ಆಯಿತು. ಮೃದ್ವಸ್ಥಿ ಸವೆದ ಜಾಗದಲ್ಲಿ ಎಲುಬಿಗೆ ಸಣ್ಣ ಸಣ್ಣ ತೂತು ಕೊರೆದು, ಒಸರುವ ರಕ್ತದಿಂದ ಹೊಸ ಪದರ ಬೆಳೆಯಲಿ ಎಂದು ಕಾಯುವ ವಿಧಾನ ಅದು. ಮೊದಲ ಋತು ಪೂರ್ತಿ ಹೋಯಿತು. ಆಮೇಲೆ 61 ಪಂದ್ಯ, ಆಮೇಲೆ 21. 2009ರ ಡಿಸೆಂಬರಿನಲ್ಲಿ ಮಂಡಿಚಿಪ್ಪು ಒಡೆಯಿತು. ಪೋರ್ಟ್‌ಲ್ಯಾಂಡ್ ಪರ ಒಟ್ಟು 82: ಒಂದೇ ಋತುವಿನಲ್ಲಿ ಆಡುವಷ್ಟು ಪಂದ್ಯ.

ಎಲ್ಲರ ಕಣ್ಣು ಓಡೆನ್‌ನ ಮೇಲಿದ್ದಾಗ ರಾಯ್‌ನ ಮಂಡಿಗಳು ಸದ್ದಿಲ್ಲದೆ ಸವೆಯುತ್ತಿದ್ದವು. ಈ ಕಥೆಯಲ್ಲಿ ನನ್ನ ಹೊಟ್ಟೆ ಕಿವುಚುವುದು ಇಲ್ಲಿಯೇ. 2010ರ ಏಪ್ರಿಲ್‌ನಲ್ಲಿ ಮಂಡಿಯ ಮೆನಿಸ್ಕಸ್ ಹರಿದು ಶಸ್ತ್ರಚಿಕಿತ್ಸೆಯಾದ ಎಂಟನೆಯ ದಿನಕ್ಕೆ ರಾಯ್ ಫೀನಿಕ್ಸ್ ವಿರುದ್ಧದ ಪ್ಲೇಆಫ್‌ನಲ್ಲಿ ಆಡಿದ. ಬಂದ ಎಂದು ಊರು ಎದ್ದು ನಿಂತು ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಮುಂದಿನ ವರ್ಷ ಡಲ್ಲಾಸ್ ವಿರುದ್ಧ 23 ಅಂಕ ಹಿಂದಿದ್ದ ಪಂದ್ಯವನ್ನು ಕೊನೆಯ ಕ್ವಾರ್ಟರ್‌ನಲ್ಲಿ 18 ಅಂಕ ಹೊಡೆದು 84–82ಕ್ಕೆ ಗೆಲ್ಲಿಸಿದ. 2011ರ ಡಿಸೆಂಬರಿನಲ್ಲಿ ನಿವೃತ್ತಿ ಘೋಷಿಸಿದ. ವಯಸ್ಸು 27. ಶಾಪವಂತೆ! ಹರಿದ ಮಂಡಿಗೆ ಎಂಟು ದಿನ ಕೊಟ್ಟದ್ದು ಯಾವ ದೇವರೂ ಅಲ್ಲ.

2012ರ ಮಾರ್ಚ್ 15ರಂದು ತಂಡ ಓಡೆನ್‌ನನ್ನು ಕೈಬಿಟ್ಟಿತು. ಅದೇ ದಿನ ಜೆರಾಲ್ಡ್ ವ್ಯಾಲೆಸ್‌ನನ್ನು ಕೊಟ್ಟು ಪಡೆದ ಡ್ರಾಫ್ಟ್ ಸರದಿಯಿಂದ ಮೂರು ತಿಂಗಳ ನಂತರ ಬಂದವನು ವೆಬರ್ ಸ್ಟೇಟ್ ಎಂಬ ಅಷ್ಟೇನೂ ಹೆಸರಿಲ್ಲದ ಕಾಲೇಜಿನ ಗಾರ್ಡ್, ಡೇಮಿಯನ್ ಲಿಲ್ಲರ್ಡ್. ಮೊದಲ ಋತುವಿನ 82 ಪಂದ್ಯವನ್ನೂ ಆಡಿದ. 2014ರಲ್ಲಿ 0.9 ಸೆಕೆಂಡ್ ಉಳಿದಿರುವಾಗ ಚೆಂಡು ಹಿಡಿದು ಹ್ಯೂಸ್ಟನ್ನನ್ನು ಮನೆಗೆ ಕಳಿಸಿದ. 2019ರಲ್ಲಿ 37 ಅಡಿ ದೂರದಿಂದ ಎಸೆದು ಒಕ್ಲಹೋಮಾ ಸಿಟಿಯನ್ನು.

2023ರಲ್ಲಿ ಲಿಲ್ಲರ್ಡ್ ಮಿಲ್ವಾಕಿಗೆ ಹೋದ. ಅದೇ ವರ್ಷ ಮೂರನೆಯ ಸರದಿಯಲ್ಲಿ ಸ್ಕೂಟ್ ಹೆಂಡರ್ಸನ್ ಎಂಬ ಎಳೆಯ ಗಾರ್ಡ್ ಬಂದ. 2025ರ ಏಪ್ರಿಲ್‌ನಲ್ಲಿ ಲಿಲ್ಲರ್ಡ್‌ನ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು, ಮಿಲ್ವಾಕಿ ಕೈಬಿಟ್ಟಿತು, ಜುಲೈನಲ್ಲಿ ಪೋರ್ಟ್‌ಲ್ಯಾಂಡ್ ಮೂರು ವರ್ಷಕ್ಕೆ 4.2 ಕೋಟಿ ಡಾಲರ್ ಕೊಟ್ಟು ಮರಳಿ ಕರೆಯಿತು. ಮುಂದಿನ ಋತು ಅವನು ಆಡುವುದಿಲ್ಲ ಎಂದು ಚೆನ್ನಾಗಿ ತಿಳಿದೇ ಕರೆಯಿತು.

ಹಾಸನದ ಹುಡುಗ ಈಗ ಎರಡು ಮಕ್ಕಳ ತಂದೆ, ವಾದ ಬಿಟ್ಟಿಲ್ಲ. ‘35 ವರ್ಷದ ಮುರಿದ ಕಾಲಿಗೆ ಇಷ್ಟು ದುಡ್ಡು ಸುರಿಯೋ ಬದಲು ಸ್ಕೂಟ್ ಜೊತೆಗೆ ಒಬ್ಬ ಸೆಂಟರ್ ತರಬಹುದಿತ್ತು ಅಕ್ಕಾ’ ಅನ್ನುತ್ತಾನೆ. ಸೆಂಟರ್ ಬರಲಿ, ಬೇಡವೆನ್ನುವುದಿಲ್ಲ. ಆದರೆ 1978ರಲ್ಲಿ ಇಂಜೆಕ್ಷನ್ ಕೊಟ್ಟು ಕಣಕ್ಕಿಳಿಸಿದ ಇದೇ ತಂಡ 2025ರಲ್ಲಿ ಒಬ್ಬ ಗಾಯಾಳುವಿಗೆ ಸಂಬಳ ಕೊಟ್ಟು ಒಂದು ಋತು ಕೂರಿಸಲು ಒಪ್ಪಿತು, ಎಳೆಯ ಗಾರ್ಡಿಗೆ ಪಕ್ಕದಲ್ಲೇ ಕಲಿಸುವವನನ್ನೂ ಕೊಟ್ಟಿತು. ವಾಲ್ಟನ್‌ಗೂ ರಾಯ್‌ಗೂ ಸಿಗದ ಸಮಯ ಅದು. ನಾನು ಆ ದುಡ್ಡಿನ ಪರ.