ಮೈಸೂರಿನ ಪಶ್ಚಿಮ ಹೆಬ್ಬಾಗಿಲು: ಪಿರಿಯಾಪಟ್ಟಣ ಸೀಮೆಯ ಭೂಗೋಳ ಮತ್ತು ಸೇನಾ ಮಹತ್ವ

ಶ್ರೀರಂಗಪಟ್ಟಣದ ಪತನವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕೋಟೆಯ ಸುತ್ತಲೇ ಕೇಂದ್ರೀಕೃತವಾಗಿವೆ. ಮಲಬಾರ್ ಕರಾವಳಿಯಿಂದ ರಾಜಧಾನಿಗೆ ಬರುವ ದಾರಿಯಲ್ಲಿದ್ದ ಪಿರಿಯಾಪಟ್ಟಣ, ಹುಣಸೂರು, ಯಡತೊರೆ ಮತ್ತು ಹೆಗ್ಗಡದೇವನಕೋಟೆ ಸೀಮೆಗಳ ಪಾತ್ರಕ್ಕೆ ದೊರೆತಿರುವ ಗಮನ ಕಡಿಮೆ. ಕರಾವಳಿ ಯಾರ ವಶದಲ್ಲಿತ್ತು ಎಂಬುದರ ಮೇಲೆಯೇ ಈ ಒಳನಾಡಿನ ಹಣೆಬರಹ ನಿಂತಿತ್ತು.

ಪಶ್ಚಿಮಕ್ಕೆ ಕೊಡಗಿನ ಮಲೆ, ನೈರುತ್ಯಕ್ಕೆ ವಯನಾಡಿನ ಕಾಡು, ಪೂರ್ವಕ್ಕೆ ಮೈಸೂರಿನ ಬಯಲು. ಇವುಗಳ ನಡುವಣ ಸೆರಗಿನ ನಾಡು ಇದು. ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನದಿಗಳು ಇದರ ಮೂಲಕ ಪೂರ್ವಾಭಿಮುಖವಾಗಿ ಹರಿಯುತ್ತವೆ. ಕರಾವಳಿಯೊಡನೆ ಈ ನಾಡಿನ ನಂಟು ಪ್ರಾಚೀನವಾದುದು. ಬೆರಿಲ್ ರತ್ನ ದೊರೆಯುವ ಸ್ಥಳವೆಂದು ಕ್ರಿ.ಶ. 2ನೇ ಶತಮಾನದ ಟಾಲೆಮಿ ಹೆಸರಿಸಿದ ‘ಪೌನ್ನಾಟ’ವನ್ನು ವಿದ್ವಾಂಸರು ಪುನ್ನಾಟ ರಾಜ್ಯವೆಂದು ಗುರುತಿಸಿದ್ದಾರೆ. ಅದರ ರಾಜಧಾನಿ ಕೀರ್ತಿಪುರವು ಹೆಗ್ಗಡದೇವನಕೋಟೆ ಸೀಮೆಯ ಕಿತ್ತೂರು.

ಪಿರಿಯಾಪಟ್ಟಣ ಚಂಗಾಳ್ವರ ನೆಲೆಯಾಗಿತ್ತು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಅದನ್ನು ಗೆದ್ದ ಬಳಿಕ ಕೊಡಗಿನ ಗಡಿಯ ಕಾವಲು ಮೈಸೂರಿನದಾಯಿತು. ಈ ಕಾವಲಿನ ನಿಜವಾದ ಪರೀಕ್ಷೆ ನಡೆದುದು ಟಿಪ್ಪುವಿನ ಕಾಲದಲ್ಲಿ. 1791ರಲ್ಲಿ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಮಲಬಾರಿನಿಂದ ಘಟ್ಟ ಹತ್ತಿ, ಕೊಡಗನ್ನು ಹಾದು ಪಿರಿಯಾಪಟ್ಟಣ ತಲುಪಿತು. ಕಾರ್ನ್‌ವಾಲಿಸ್ ಹಿಂದೆ ಸರಿದುದರಿಂದ ಅದೂ ಮರಳಬೇಕಾಯಿತು. ಆದರೆ 1792ರ ಫೆಬ್ರವರಿಯಲ್ಲಿ ಅದೇ ಸೈನ್ಯ ಯಡತೊರೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಸೇರಿಕೊಂಡಿತು. ಆ ವರ್ಷದ ಒಪ್ಪಂದದಂತೆ ಮಲಬಾರ್ ಮತ್ತು ಕೊಡಗು ಟಿಪ್ಪುವಿನ ಕೈತಪ್ಪಿದವು; ಪಿರಿಯಾಪಟ್ಟಣವೇ ರಾಜ್ಯದ ಮುಂಚೂಣಿಯ ಠಾಣೆಯಾಯಿತು.

1798ರಲ್ಲಿ ಆಫ್ರಿಕಾದ ಪೂರ್ವಕ್ಕಿರುವ ಮಾರಿಷಸ್‌ ದ್ವೀಪದ ಫ್ರೆಂಚರೊಡನೆ ಟಿಪ್ಪು ನಡೆಸಿದ ಸಂಧಾನ ಬಹಿರಂಗವಾಯಿತು. ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಇದರಿಂದ ಕಂಪನಿಯ ಆತಂಕ ಹೆಚ್ಚಿತು. ಮರುವರ್ಷ ಕಣ್ಣಾನೂರಿನಿಂದ ಹೊರಟ ಸ್ಟುವರ್ಟನ ಸೈನ್ಯ ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ನೆರವಿನಿಂದ ಗಡಿಗೆ ಬಂದಿತು. ಎರಡು ಸೈನ್ಯಗಳು ಒಂದಾಗುವ ಮೊದಲೇ ಪಶ್ಚಿಮದ ಸೈನ್ಯವನ್ನು ಮುರಿಯಬೇಕೆಂಬುದು ಟಿಪ್ಪುವಿನ ಎಣಿಕೆ. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣದ ಸಮೀಪದ ಸಿದ್ಧೇಶ್ವರದಲ್ಲಿ ಆತ ನಡೆಸಿದ ದಾಳಿ ಫಲಿಸಲಿಲ್ಲ. ಅಷ್ಟರಲ್ಲಿ ಪೂರ್ವದಿಂದ ಹ್ಯಾರಿಸನ ಸೈನ್ಯ ಮೈಸೂರು ರಾಜ್ಯವನ್ನು ಪ್ರವೇಶಿಸಿತ್ತು. ಎರಡೂ ಸೈನ್ಯಗಳು ಏಪ್ರಿಲ್‌ನಲ್ಲಿ ಕೂಡಿಕೊಂಡವು. ಮೇ 4ರಂದು ರಾಜಧಾನಿ ಬಿದ್ದಿತು.

ಈ ಮಹತ್ವಕ್ಕೆ ಬೆಲೆ ತೆತ್ತದ್ದು ಪಿರಿಯಾಪಟ್ಟಣ. ಶತ್ರುವಿಗೆ ಆಸರೆಯಾಗಬಾರದೆಂದು ಊರಿನ ಮನೆಗಳನ್ನೂ ಕೋಟೆಯ ಭಾಗವನ್ನೂ ಟಿಪ್ಪುವಿನ ಆಜ್ಞೆಯಂತೆಯೇ ಕೆಡವಲಾಯಿತು. 1800ರಲ್ಲಿ ಬಂದ ಬುಕನನ್‌ ಕಂಡದ್ದು ಪಾಳುಬಿದ್ದ ಪಟ್ಟಣವನ್ನು. ಗಡಿಯ ಭಯ ತೀರಿದ ಮೇಲೆ ಸೇನೆಯ ಫಿರಂಗಿಗಳನ್ನೆಳೆಯುವ ಅಮೃತಮಹಲ್‌ ರಾಸುಗಳ ಕೇಂದ್ರವಾಗಿ ಹುಣಸೂರು ಬೆಳೆಯಿತು. 19ನೇ ಶತಮಾನದಲ್ಲಿ ತಾಲ್ಲೂಕು ಕಚೇರಿಯೂ ಅಲ್ಲಿಗೆ ವರ್ಗವಾಯಿತು.

ಮುಂದೆ ಪಿರಿಯಾಪಟ್ಟಣ ಮತ್ತೆ ತಾಲ್ಲೂಕು ಕೇಂದ್ರವಾಯಿತಾದರೂ ಹಳೆಯ ಪ್ರಾಮುಖ್ಯ ಮರಳಲಿಲ್ಲ. ಯಡತೊರೆಯ ಪಕ್ಕದಲ್ಲಿ ಕೃಷ್ಣರಾಜನಗರ ತಲೆಯೆತ್ತಿತು. ಕಿತ್ತೂರಿನ ಪ್ರಾಚೀನ ನೆಲೆ ಕಬಿನಿ ಜಲಾಶಯದಲ್ಲಿ ಮುಳುಗಿತು. ಮೈಸೂರಿನ ಚರಿತ್ರೆ ರಾಜಧಾನಿಯೊಂದರ ಕಥೆಯಷ್ಟೇ ಅಲ್ಲ, ಅದರ ಹೆಬ್ಬಾಗಿಲಲ್ಲಿ ನಿಂತು ಮೊದಲ ಪೆಟ್ಟು ತಿಂದ ಊರುಗಳ ಕಥೆಯೂ ಹೌದು.